ಆಗಸ್ಟಿನಲ್ಲಿ ಹೀಟರ್

ಕೊಲ್ಲಿ ದೇಶದ ಆ ಹೆದ್ದಾರಿಯಲ್ಲಿ ಫಿಂಟಾಸ್ ದಾಟುವ ಮೊದಲೇ ಇಂಜಿನ್ನಿನ ಬಿಸಿ ತೋರಿಸುವ ಸೂಜಿ ಕೆಂಪು ಗೆರೆಯ ಹತ್ತಿರ ಬಂದಿತ್ತು. ಲೆಸ್ಟರ್ ಏಸಿ ಆರಿಸಿ ಬಲಕ್ಕೆ ಇಂಡಿಕೇಟರ್ ಹಾಕಿದ.

“ನಿಲ್ಲಿಸಬ್ಯಾಡ,” ಎಂದಳು ಪಕ್ಕದಲ್ಲಿ ಕುಳಿತಿದ್ದ ಅನ್ನಪೂರ್ಣೆವ್ವ.

“ಅಕ್ಕಾ, ರೇಡಿಯೇಟರ್ ಫ್ಯಾನ್ ತಿರುಗ್ತಾ ಇಲ್ಲ. ಈ ಟ್ರಾಫಿಕ್ಕಲ್ಲಿ ಹೀಗೇ ಹೋದ್ರೆ ಇಂಜಿನ್ ಜಾಮ್ ಆಗ್ತದೆ ಮಾರಾಯ್ರೆ. ಎಂತ ಮಾಡುದು?”

ಕಾರು ಅವಳ ಗಂಡ ಈರಯ್ಯನದು. ಈರಯ್ಯ ಆಸ್ಪತ್ರೆಯ ಶವಾಗಾರದಲ್ಲಿದ್ದ. ಮೊನ್ನೆ ಕೆಲಸದ ಜಾಗದಲ್ಲಿ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಸಂಜೆಯ ವಿಮಾನಕ್ಕೆ ಊರಿಗೆ ಹೋಗಬೇಕಿದ್ದ ಶವಪೆಟ್ಟಿಗೆಯನ್ನು ಇದ್ದಕ್ಕಿದ್ದಂತೆ ಮಧ್ಯಾಹ್ನಕ್ಕೆ ಬದಲಿಸಿದ್ದರು. ಸುದ್ದಿ ಬಂದಾಗ ಅಬು ಹಲೀಫಾದ ಅವರ ಕಟ್ಟಡದ ಕೆಳಗಿದ್ದದ್ದು ಈ ಮುದಿ ಜಪಾನಿ ಗಾಡಿಯೊಂದೇ. ಪಕ್ಕದ ಮನೆಯ ಲೆಸ್ಟರ್ ಹಿಂದುಮುಂದು ನೋಡದೆ ಕೀಲಿ ತಿರುಗಿಸಿದ್ದ.

ಫೋನು ಬಡಿದುಕೊಂಡಿತು. ಆಸ್ಪತ್ರೆಯಿಂದ ಕನ್ನಡ ಸಂಘದ ಶ್ಯಾಮಸುಂದರ್.

“ಅಮ್ಮಾ, ಎಲ್ಲಿದ್ದೀರಿ? ಮುಚ್ಚಳ ಹಾಕೋಕೆ ಬಂದು ನಿಂತಿದ್ದಾರೆ. ಯಲ್ಲಾ, ಖಲಾಸ್, ಬೇಗ ಮುಗಿಸಿ ಅಂತಿದ್ದಾರೆ. ಒಂದ್ಸಲ ಸೀಲ್ ಆದ್ರೆ ಊರಲ್ಲೂ ತೆಗೆಯೋ ಹಾಗಿಲ್ಲ.”

“ತಡೀರಿ. ಮಾರಿ ನೋಡಲಾರದ ಕಳಸೂದಿಲ್ಲ ನಾ.”

*

ಎರಡು ವರ್ಷದ ಹಿಂದೆಯೂ ಇದೇ ರಸ್ತೆ, ಇದೇ ಬಿಸಿಲು, ಹೀಗೇ ಏರಿದ ಸೂಜಿ. ಈರಯ್ಯ ತೈಲ ಕಂಪನಿಯ ಪೈಪ್ ಫಿಟರ್. ಗಾಡಿಯ ಹೊಟ್ಟೆಗೂ ತಾನೇ ಕೈ ಹಾಕುವವನು. “ಸಾಯೂದು ಹ್ಯಾಂಗಂತ ಜಪಾನಿನವ್ರು ಇದಕ್ಕ ಕಲಿಸೇ ಇಲ್ಲ” ಎಂದು ಕಂಡಕಂಡವರ ಮುಂದೆ ಜಂಬ ಕೊಚ್ಚುತ್ತಿದ್ದ. ಅಂದು ಏಸಿ ಆರಿಸಿದವನೇ ಹೀಟರನ್ನು ಪೂರಾ ತಿರುಗಿಸಿದ.

“ತಲಿ ಕೆಟ್ಟೈತೇನು ನಿಮಗ?” ಅನ್ನಪೂರ್ಣೆವ್ವ ಚೀರಿದ್ದಳು.

“ಇಂಜಿನ್ನಿನ ಝಳ ಒಳಗ ಎಳಕೊಂಡ್ರ ಅದು ಉಳೀತೈತಿ. ಕಿಡಕಿ ತಗಿ. ಮನಿ ಮುಟ್ಟೂತನಕ ನಾವು ಬೇಯೂಣು.”

“ಗುಜರಿಗೆ ಹಾಕ್ರಿ ಇದನ್ನ! ನನಗಿಂತ ಇದರ ಮ್ಯಾಲ ಜೀವ ನಿಮಗ.”

ಮನೆಯೇನೋ ಮುಟ್ಟಿದರು. ಅವಳು ಆ ವಾರವಿಡೀ ಮಾತು ಬಿಟ್ಟಳು, ರೊಟ್ಟಿಯನ್ನು ತಟ್ಟೆಗೆ ಕುಕ್ಕಿದಳು. ಆ ಮಹಾರಾಯ ಮಾತ್ರ ಇಂಜಿನ್ ಉಳಿಯಿತೆಂದು ಹಿರಿಹಿರಿ ಹಿಗ್ಗಿದ್ದ.

*

“ಹೀಟರ್ ಹಚ್ಚು.”

“ಅಕ್ಕಾ, ಹೊರಗೆ ಐವತ್ತು ಡಿಗ್ರಿ ಉಂಟು!”

“ಹಚ್ಚಂದ್ರ ಹಚ್ಚು.” ತಾನೇ ಕೈಚಾಚಿ ಗುಂಡಿ ತಿರುಗಿಸಿದಳು.

ಬೆಂಕಿಯಂಥ ಗಾಳಿ ಮುಖಕ್ಕೆ ಬಡಿಯಿತು. ಲೆಸ್ಟರ್ ಯೇಸುವನ್ನು ಕರೆದ. ಒಲೆ ಮುಂದೆ ಜೀವ ಸವೆಸಿದ ಹೆಂಗಸಿಗೂ ಈ ಝಳ ತಡೆಯದಾಯಿತು. ಆದರೂ ಗಾಳಿ ಬರುವ ಕಿಂಡಿಗೆ ಅಂಗೈ ಒಡ್ಡಿ ಕುಳಿತಳು. ಗಾಳಿ ಬಿಸಿ ಇರುವತನಕ ಇಂಜಿನ್ನಿನಲ್ಲಿ ನೀರಿದೆ ಎಂದು ಈರಯ್ಯನೇ ಹೇಳಿದ್ದ. ಹೇಳಿಕೊಟ್ಟು ಹೀಗೆ ನಡುದಾರಿಯಲ್ಲಿ ಬಿಟ್ಟುಹೋದನಲ್ಲ ಎಂದು ಸತ್ತವನ ಮೇಲೆ ಕಡುಸಿಟ್ಟು ಬಂತು. ಅಳು ಬರಲಿಲ್ಲ.

“ಇಳೀತಾ ಉಂಟು ಅಕ್ಕಾ,” ಲೆಸ್ಟರ್ ಪಿಸುಗುಟ್ಟಿದ. “ಒಂಚೂರು ಇಳೀತಾ ಉಂಟು.”

ವಾಹನಗಳ ಸಾಲು ತೆವಳಿತು, ನಿಂತಿತು, ಮತ್ತೆ ತೆವಳಿತು. ಆಸ್ಪತ್ರೆಯ ಗೇಟಿನಲ್ಲಿ ಇಂಜಿನ್ ಒಮ್ಮೆ ಕಟಕಟ ಎಂದು ನಿಂತೇಹೋಯಿತು. ಹಿಂದಿನವರು ಹಾರ್ನ್ ಬಾರಿಸತೊಡಗಿದರು. ಅವಳು ಬಾಗಿಲು ತೆರೆದಿಟ್ಟೇ ಓಡಿದಳು.

ಮುಚ್ಚಳ ಎತ್ತಿ ಹಿಡಿದಿದ್ದ ಇಬ್ಬರು ಅವಳನ್ನು ನೋಡಿ ಹಿಂದೆ ಸರಿದರು. ಕೆಂಪಗೆ ಬೆಂದ ಮುಖ, ಮೈಗಂಟಿದ ಸೀರೆ.

“ಎರಡೇ ನಿಮಿಷ ಅಮ್ಮಾ,” ಎಂದ ಶ್ಯಾಮಸುಂದರ್.

ಅನ್ನಪೂರ್ಣೆವ್ವ ಇನ್ನೂ ಸುಡುತ್ತಿದ್ದ ಅಂಗೈಯನ್ನು ಗಂಡನ ಹಣೆಯ ಮೇಲಿಟ್ಟಳು. ಯಾರೋ ಗಡಿಯಾರ ನೋಡಿಕೊಂಡರು. ಅಂಗೈ ಪೂರಾ ತಣ್ಣಗಾಗುವತನಕ ಅವಳು ಕೈ ತೆಗೆಯಲಿಲ್ಲ.