ಅಡುಗೆಮನೆಯ ಫೋನು

ಮಾಣಿ ಊರಿನ ಶಹರ್ಬಾನುವಿನ ಸೊಸೆ ಸಜ್ನಾಳಿಗೆ ಹುಟ್ಟಿನಿಂದಲೇ ಕಿವಿ ಕೇಳದು, ಮಾತು ಬಾರದು. ಮಗ ಅನ್ಸಾಫ್ ಮದುವೆಗೆ ಮೊದಲೇ ಹಟ ಹಿಡಿದು ಅವಳ ಕೈಮಾತು ಕಲಿತಿದ್ದ. ಅವನು ಸೌದಿಯ ದಮಾಮಿಗೆ ಕೆಲಸಕ್ಕೆ ಹೋದ ಮೇಲೆ ಫೋನು ಬಂದರೆ ಮಾತಾಡುವವಳು ಅತ್ತೆ ಮಾತ್ರ. ಸೊಸೆ ಪಕ್ಕದಲ್ಲಿ ಕೂತು ಅತ್ತೆಯ ಮುಖ ನೋಡುತ್ತಿದ್ದಳು. ಅದನ್ನು ನೋಡಲಾರದೆ ಶಹರ್ಬಾನುವೇ ಮಗನಿಗೆ ಹೇಳಿ ಚಾವಡಿಯಲ್ಲಿ ಕಂಪ್ಯೂಟರು, ಕ್ಯಾಮೆರಾ, ಇಂಟರ್ನೆಟ್ಟಿನ ರೂಟರ್ ಎಲ್ಲ ಹಾಕಿಸಿದಳು. ಅದು ಎರಡು ಸಾವಿರದ ಎಂಟನೇ ಇಸವಿ.

ಆದರೆ ಪರದೆಯಲ್ಲಿ ಕಂಡ ಸ್ವಲ್ಪ ಹೊತ್ತಿಗೆಲ್ಲ ಅನ್ಸಾಫನ ಕೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಬಾಯಿಮಾತು ತುಂಡಾದರೆ ಅಂದಾಜಾದರೂ ಮಾಡಬಹುದು. ಅರ್ಧಕ್ಕೆ ನಿಂತ ಕೈಯಿಂದ ಏನು ತಿಳಿಯುವುದು? ಸಜ್ನಾ ರೂಟರನ್ನು ಆರಿಸಿ ಹಾಕಿದಳು, ಕಿಟಕಿಯ ಬಳಿಗೆ ಸರಿಸಿದಳು. ಏನೂ ಆಗಲಿಲ್ಲ. ಕೊನೆಗೆ ಶಹರ್ಬಾನು ಫೋನಿನ ಆಫೀಸಿಗೇ ಹೋಗಿ ಕೇಳಿದಳು. ಅಲ್ಲಿ ರುಕ್ಮಯ್ಯ ಎಂಬವರು ಸಿಕ್ಕಿದರು.

"ಇಂಟರ್ನೆಟ್ ಬರುವ ಲೈನಿನಲ್ಲೇ ಬೇರೆ ಫೋನು ಉಂಟಾ ಅಮ್ಮ?"

"ಉಂಟು. ಅಡುಗೆಮನೆಯಲ್ಲಿ."

"ಇಂಟರ್ನೆಟ್ಟಿಗೆ ತಡೆಯಾಗದ ಹಾಗೆ ಅದಕ್ಕೆ ಸಣ್ಣ ಡಬ್ಬಿಯ ಹಾಗಿನ ಫಿಲ್ಟರ್ ಹಾಕಿದ್ದಾರಾ?"

"ಇಲ್ಲವಲ್ಲ."

"ಹಾಗಾದರೆ ಅದನ್ನು ಎತ್ತಿ ನೋಡಿ. ರೂಟರಿನ ದೀಪ ಮಿಣುಕಿದರೆ ತೊಂದರೆ ಅಲ್ಲಿಯೇ."

ಮನೆಗೆ ಬಂದ ಶಹರ್ಬಾನು ಸೊಸೆಯನ್ನು ರೂಟರಿನ ಮುಂದೆ ಕೂರಿಸಿ, ಅಡುಗೆಮನೆಯ ರಿಸೀವರ್ ಎತ್ತಿದಳು. ಚಾವಡಿಯಿಂದ ಸಜ್ನಾ ಓಡಿಬಂದು, ದೀಪ ಮಿಣುಕುತ್ತಿದೆಯೆಂದು ಬೆರಳು ಮಡಚಿ ಬಿಡಿಸಿ ತೋರಿಸಿದಳು.

ಶಹರ್ಬಾನುವಿಗೆ ಆಗ ಹೊಳೆಯಿತು. ಗಂಡ ಹೆಂಡಿರ ನಡುವೆ ತಾನೇಕೆ ಎಂದು ಅವಳು ಪ್ರತಿ ಸಲ ಮೆಲ್ಲನೆ ಎದ್ದು ಬಂದು, ಇದೇ ಫೋನಿನಲ್ಲಿ ವೇಣೂರಿನ ತಂಗಿ ಶಹನಾಝಳ ಜೊತೆ ಮಾತಿಗೆ ಕೂರುತ್ತಿದ್ದಳು. ಅವರಿಗಾಗಿ ದೂರ ಸರಿದವಳೇ ಅವರ ಮಾತಿಗೆ ಅಡ್ಡ ಬಂದಿದ್ದಳು. ಅವಳು ಆ ಫೋನಿನ ವಯರನ್ನು ಗೋಡೆಯಿಂದ ಕಿತ್ತೇಬಿಟ್ಟಳು.

ಶುಕ್ರವಾರ ಅನ್ಸಾಫನ ಕೈ ಎಲ್ಲಿಯೂ ತಡೆಯಲಿಲ್ಲ. ಸಜ್ನಾಳ ಬೆರಳುಗಳು ಅಷ್ಟು ದಿನ ಕಟ್ಟಿಟ್ಟದ್ದನ್ನೆಲ್ಲ ಒಮ್ಮೆಲೇ ಬಿಚ್ಚಿದವು. ನಡುವೆ ಅವಳು ಗಂಟಲಿನಿಂದ ನಕ್ಕಳು. ಶಹರ್ಬಾನು ಆ ನಗುವನ್ನು ಕೇಳಿದ್ದು ಅದೇ ಮೊದಲು. ಅವಳು ಏಳಹೊರಟಾಗ ಸೊಸೆ ಸೆರಗು ಹಿಡಿದು ಕೂರಿಸಿಕೊಂಡಳು.

"ಉಮ್ಮ, ಊಟ ಆಯ್ತಾ?" ಎಂದು ಅನ್ಸಾಫ್ ಬಾಯಲ್ಲೂ ಕೈಯಲ್ಲೂ ಕೇಳಿದ.

ಬಾಯಿಗೆ ಬಂದ ಉತ್ತರವನ್ನು ಶಹರ್ಬಾನು ನುಂಗಿಕೊಂಡು, ನಾಚುತ್ತಾ ಬೆರಳುಗಳನ್ನು ಜೋಡಿಸಿ ತುಟಿಯ ಬಳಿ ತಂದಳು. ಹಾಗಲ್ಲ ಎಂದು ತಲೆಯಾಡಿಸಿದ ಸಜ್ನಾ, ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಸರಿಪಡಿಸತೊಡಗಿದಳು.