ಗಾಲಿಮನೆಯಲ್ಲಿ ನೀರು ತುಂಬುವ ಹಬ್ಬ

"ಇದೇನೇ ಪಂಕಜಾ, ಇದಕ್ಕೆ ಹಂಡೆ ಅಂತಾರೇನೇ? ಬಿಸ್ಕತ್ತಿನ ಡಬ್ಬ ಇದ್ದ ಹಾಗಿದೆ!"

ಅಮ್ಮ ಬಗ್ಗಿ, ಮೂಲೆಗೆ ಬಿಗಿದಿದ್ದ ತಾಮ್ರದ ತೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿದಳು. ಅಪ್ಪ ಗೋಪೀನಾಥರಾಯರು ಬಾಗಿಲಲ್ಲೇ ನಿಂತರು. ಮೂವರು ಒಳಗೆ ನಿಂತರೆ ತಿರುಗುವುದಕ್ಕೂ ಜಾಗವಿರಲಿಲ್ಲ.

"ಹೀಟರ್ ಅಮ್ಮ ಅದು. ಕೆಳಗಡೆ ಸೀಮೆಎಣ್ಣೆ ಒಲೆ ಹಚ್ಚಿದರೆ ಈ ನಲ್ಲೀಲೇ ಬಿಸಿನೀರು ಬರುತ್ತೆ. ತುಮಕೂರಲ್ಲಿ ಯಾರ ಮನೇಲಿದೆ ಹೇಳು?"

"ಮನೆ ಅಂತೀಯಲ್ಲ, ಅದನ್ನ ಹೇಳು ಮೊದಲು," ಎಂದರು ರಾಯರು ಹೊರಗಿನಿಂದ. "ಇದಕ್ಕೆ ಗಾಲಿ ಇದೆ ಕಣೇ."

ಗಾಲಿ ಇದ್ದದ್ದು ನಿಜ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಬಂಡಿ ಅದು. ಹಿಂದೊಮ್ಮೆ ಯಾವನೋ ದೊಡ್ಡ ಸಾಹೇಬ ಅದರಲ್ಲಿ ಮಲಗಿ ಊರೂರು ಸುತ್ತಿದ್ದನಂತೆ. ಈಗ ಪಂಕಜಾಳ ಗಂಡ, ಸರ್ವೆ ಕ್ಯಾಂಪಿನ ಓವರ್ಸಿಯರ್ ಸೇತುರಾಮನ ಪಾಲಿಗೆ ಬಂದಿತ್ತು. ರಾಜಾಜಿನಗರ ನಕ್ಷೆಯಲ್ಲಿ ಆಗಲೇ ಊರಾಗಿತ್ತು; ಈ ಕೊನೆಯಲ್ಲಿ ಮಾತ್ರ ಬೀಳುಬಿದ್ದ ಹೊಲ, ಸುಣ್ಣ ಬಳಿದ ಎಲ್ಲೆಗಲ್ಲು, ದಿನವಿಡೀ ಗಾಳಿ. ಗಾಳಿ ಬೀಸಿದಾಗಲೆಲ್ಲ ನೆಲ ಕಾಲಡಿಯಲ್ಲೇ ತುಸು ಅಲುಗುತ್ತಿತ್ತು. ಮದುವೆಯಾಗಿ ಬಂದಂದಿನಿಂದ ಪಂಕಜಾಳಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಕಿಟಕಿಗೆ ಹೋಗುವಳು, ಬಾಗಿಲಿಗೆ ಬರುವಳು, ಒರೆಸಿದ್ದನ್ನೇ ಒರೆಸುವಳು. ಗಂಡ ಕೆಟ್ಟವನಲ್ಲ, ಆದರೆ ಮಾತಿಲ್ಲ. ಸಂಜೆ ಬಂದು ಉಂಡು ನಕ್ಷೆ ಹರಡಿದನೆಂದರೆ ಮುಗಿಯಿತು.

ಮೊದಲ ದೀಪಾವಳಿಗೆ ಅಳಿಯ ಮಾವನ ಮನೆಗೆ ಹೋಗಬೇಕು. ಸೇತುರಾಮನಿಗೆ ರಜೆ ಸಿಗಲಿಲ್ಲ. ಹಾಗಾಗಿ ಹಬ್ಬವೇ ಅವನಿದ್ದಲ್ಲಿಗೆ ಬಂದಿತ್ತು. ಬಂದು ಕಾಲು ತೊಳೆಯುವ ಮೊದಲೇ ರಾಯರು ಮಗಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಹಬ್ಬ ಮುಗೀತಿದ್ದ ಹಾಗೇ ನಮ್ಮ ಜೊತೆ ಬಂದುಬಿಡು. ಗೋಡೆ ಇರೋ ಮನೆ ಸಿಕ್ಕಿದ ಮೇಲೆ ಕಳಿಸ್ತೀನಿ."

ಅವಳು ಅಪ್ಪನ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ನಡೆದಿದ್ದಳು. ಹೋಗುವುದೆಂದರೆ ಮನಸ್ಸು ಒಪ್ಪುತ್ತಿರಲಿಲ್ಲ; ಇರುವುದೆಂದರೂ ಅಷ್ಟೇ.

ಅಂದು ನೀರು ತುಂಬುವ ಹಬ್ಬ. ಬಿಸ್ಕತ್ತಿನ ಡಬ್ಬವೆಂದು ಆಡಿಕೊಂಡರೂ ಅಮ್ಮನಿಗೆ ಶಾಸ್ತ್ರ ಬಿಡುವ ಮನಸ್ಸಿರಲಿಲ್ಲ. ಹಳೆಯ ನೀರು ಒಂದು ತೊಟ್ಟೂ ಉಳಿಯಬಾರದು. ಪಂಕಜಾ ನಲ್ಲಿ ತಿರುಗಿಸಿ ತೊಟ್ಟಿ ಬರಿದು ಮಾಡಿದಳು, ಹುಣಸೆಹಣ್ಣು ಹಚ್ಚಿ ಹೊರಮೈ ಬೆಳಗಿದಳು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದಳು. ಹೆಗ್ಗನಹಳ್ಳಿಯಿಂದ ಹಾಲು ತರುವ ಲಿಂಗಮ್ಮ ಹಾಗಲ ಬಳ್ಳಿ ತಂದು ಬಾಗಿಲಲ್ಲಿ ನಿಂತು ನಕ್ಕಳು.

"ಅಯ್ಯ, ಈ ಪಿಳ್ಳೆಗೆ ಇಷ್ಟುದ್ದ ಬಳ್ಳಿ ಯಾಕವ್ವಾ? ಒಂದು ಎಲೆ ಸಿಗ್ಸುದ್ರೆ ಸಾಕಾಗಿತ್ತು!"

ಮೂವರೂ ನಕ್ಕು, ಬಳ್ಳಿಯನ್ನು ತೊಟ್ಟಿಗೆ ಸುತ್ತಿದರು. ಹೊಸ ನೀರು ತುಂಬಬೇಕಾದದ್ದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ಅಮ್ಮ ಮಗಳು ಲಿಂಗಮ್ಮನ ಜೊತೆ ಹೂವು ಕೀಳಲು ಬೇಲಿಯ ಕಡೆಗೆ ನಡೆದರು.

ಅಷ್ಟರಲ್ಲಿ ಸೇತುರಾಮ ಕೆಲಸದಿಂದ ಬಂದ. ಮೆಟ್ಟಿಲ ಮೇಲೆ ಮಾವ ಕೂತಿದ್ದಾರೆ. ಏನು ಮಾತಾಡುವುದೋ ತೋಚಲಿಲ್ಲ. ದೂರದಿಂದ ಬಂದವರಿಗೆ ಕೈಕಾಲಿಗೆ ಬಿಸಿನೀರಾದರೂ ಕೊಡೋಣವೆಂದು ಒಳಗೆ ಹೋಗಿ ಒಲೆ ಹಚ್ಚಿದ. ತೊಟ್ಟಿಗೆ ಬಳ್ಳಿ ಸುತ್ತಿದ್ದು ಕಂಡಿತು, ಹಬ್ಬ ಎಂದುಕೊಂಡ. ಒಳಗೆ ನೀರಿಲ್ಲದೆ ಇರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. ಎಂದೂ ಅದು ಬರಿದಾಗಿದ್ದಿಲ್ಲ.

ಬೇಲಿಯ ಹತ್ತಿರವಿದ್ದ ಪಂಕಜಾಳಿಗೆ ಸುಟ್ಟ ಎಲೆಯ ವಾಸನೆ ಬಂತು. ಓಡಿ ಬಂದು ಒಲೆ ಆರಿಸುವ ಹೊತ್ತಿಗೆ ಬಳ್ಳಿ ಕರಕಲಾಗಿತ್ತು. ತೊಟ್ಟಿ ತಣ್ಣಗಾದ ಮೇಲೆ, ಅಮ್ಮ ಗಂಗೆಯನ್ನು ನೆನೆದು ಮೊದಲ ಚೊಂಬು ಸುರಿದಳು. ನೀರು ನಿಲ್ಲಲಿಲ್ಲ. ಬೆಸುಗೆ ಬಿಟ್ಟ ತಳದಿಂದ ಸೋರಿ, ನೆಲದ ಮೇಲೆ ಹರಿದು, ಸುತ್ತಿಟ್ಟಿದ್ದ ಹಾಸಿಗೆಯ ಅಡಿಗೆ ಹೋಯಿತು.

"ತುಂಬೋ ದಿನ ಸೋರಿಹೋಯ್ತಲ್ಲೇ," ಎಂದು ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಒಲೆ ಹಚ್ಚಿದ್ದು ನಾನು," ಎಂದ ಸೇತುರಾಮ.

"ಖಾಲಿ ಮಾಡಿದ್ದು ನಾನು," ಎಂದಳು ಪಂಕಜಾ.

ರಾಯರು ಇಬ್ಬರ ಮುಖವನ್ನೂ ನೋಡಿದರು. ದನಿ ಏರಿಸಲಿಲ್ಲ. "ಇರೋದು ಇಷ್ಟಗಲ ಜಾಗ. ಇದರೊಳಗೂ ಒಬ್ಬರಿಗೊಬ್ಬರು ಹೇಳಿಕೊಳ್ಳಲ್ವೇನಪ್ಪ ನೀವು?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಪಂಕಜಾ ಬಟ್ಟೆ ತಂದು ನೆಲ ಒರೆಸತೊಡಗಿದಳು. ಒರೆಸಿ ಹಿಂಡಿ ಮತ್ತೆ ಒರೆಸುತ್ತಿದ್ದಾಗ ಎದುರಿಗೆ ಇನ್ನೊಂದು ಕೈ ಬಂತು. ಸೇತುರಾಮ ಮಂಡಿಯೂರಿ ಕೂತು ಬಟ್ಟೆಯ ಇನ್ನೊಂದು ತುದಿ ಹಿಡಿದಿದ್ದ.

"ಹೊರಗೆ ಕಬ್ಬಿಣದ ಡ್ರಮ್ಮಿದೆ," ಎಂದ ಮೆಲ್ಲಗೆ. "ಕುಡಿಯೋ ನೀರಿಂದೇ. ಅದು ಆಗುತ್ತಾ?"

ಅವನು ಅವಳನ್ನು ಏನಾದರೂ ಕೇಳಿದ್ದು ಅದೇ ಮೊದಲೇನೋ ಅನ್ನಿಸಿತು. "ಆಗುತ್ತೆ," ಎಂದಳು. "ಒಲೆಗೆ ಕಲ್ಲು ಬೇಕು."

"ಎಲ್ಲೆಗಲ್ಲು ಇದಾವೆ. ಸರ್ಕಾರದ್ದು." ತುಸು ಯೋಚಿಸಿದ. "ನಾಳೆ ವಾಪಸ್ ಇಟ್ಟರಾಯ್ತು."

ಬೆಳಗಿನ ಜಾವಕ್ಕೆ ಬಯಲಲ್ಲಿ ಡ್ರಮ್ಮು ಕುದಿಯುತ್ತಿತ್ತು. ಅಮ್ಮ ಎಲ್ಲರ ನೆತ್ತಿಗೂ ಎಣ್ಣೆ ಇಟ್ಟು ಅಳಿಯನಿಗೆ ಆರತಿ ಎತ್ತಿದಳು. ರಾಯರು ಮಣೆಯ ಮೇಲೆ ಕೂತು, ನೀರು ಬಿದ್ದಾಗಲೆಲ್ಲ ನಾರಾಯಣ ನಾರಾಯಣ ಎನ್ನುತ್ತ ಮಿಂದರು. ಅಳಿಯನದೂ ಆಯಿತು. ಆಮೇಲೆ ಸೇತುರಾಮ ಅಳತೆಯ ಕೆಂಪು ಬಿಳಿ ಕೋಲುಗಳನ್ನು ನೆಟ್ಟು, ಜಮಖಾನ ಕಟ್ಟಿ ಮರೆ ಮಾಡಿದ. ಅಮ್ಮ ಮೊದಲು ಮಿಂದು, ಕಜ್ಜಾಯ ಕರಿಯಲು ಒಳಗೆ ಹೋದಳು. ಪಂಕಜಾ ಮರೆಯೊಳಗೆ ಕೂತಳು. ಡ್ರಮ್ಮು ಆಚೆಗಿತ್ತು. ಸೇತುರಾಮ ಬೆನ್ನು ತಿರುಗಿಸಿ ನಿಂತು, ಬೆರೆಸಿದ ನೀರಿನ ಚೊಂಬನ್ನು ಜಮಖಾನದ ಮೇಲಿಂದ ಕೊಡುತ್ತಿದ್ದ.

"ಬಿಸಿ ಜಾಸ್ತಿ ಆಯ್ತಾ?"

"ಇಲ್ಲ. ಇನ್ನೊಂದು ಕೊಡಿ."

ಕೊಟ್ಟ. ಅವಳು ತಲೆಗೆ ಸೀಗೆಪುಡಿ ಹಚ್ಚಿ ಉಜ್ಜಿದಳು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರಿಂದಲೋ ಏನೋ ಮಾತು ಸಲೀಸಾಗಿ ಬಂತು.

"ಅಪ್ಪ ನನ್ನ ಕರಕೊಂಡು ಹೋಗ್ತೀನಿ ಅಂತಿದಾರೆ."

ಆಚೆ ಸೌದೆ ಚಟಪಟ ಎಂದಿತು. "ಗೊತ್ತು. ಮಾವ ನನಗೂ ಹೇಳಿದ್ರು."

"ಗೊತ್ತಿದ್ದೂ ಸುಮ್ಮನಿದ್ರಾ?"

"ನಿನಗೆ ಹೋಗೋಕೆ ಇಷ್ಟವೇನೋ ಅಂದುಕೊಂಡೆ. ದಿನಾ ಬಾಗಿಲಲ್ಲೇ ನಿಂತಿರ್ತೀಯಲ್ಲ."

"ನೀವು ಬರೋದು ಕಾಣುತ್ತಾ ಅಂತ ನಿಂತಿರ್ತೀನಿ," ಎಂದಳು. ಹೇಳಿದ ಮೇಲೆ, ಅದು ನಿಜವೆಂದು ಅವಳಿಗೇ ಗೊತ್ತಾಯಿತು.

ಸೀಗೆಯ ನೊರೆ ಹಣೆಯಿಂದ ಇಳಿಯುತ್ತಿತ್ತು. ಅವಳು ಕೈ ಚಾಚಿದಳು; ಚೊಂಬು ಬರಲಿಲ್ಲ. ಬದಲಿಗೆ ಅವನ ಹೆಜ್ಜೆ ಕಲ್ಲುಮಣ್ಣಿನ ಮೇಲೆ ದೂರವಾಗುವುದು ಕೇಳಿಸಿತು. ಅಪ್ಪ ಕೂತಿದ್ದ ಮೆಟ್ಟಿಲ ಬಳಿ ನಿಂತಿತು. ಗಂಟಲು ಸರಿಮಾಡಿಕೊಂಡ.

"ಮಾವ, ಪಂಕಜಾ ಇಲ್ಲೇ ಇರ್ತಾಳಂತೆ." ಮತ್ತೊಮ್ಮೆ ಗಂಟಲು. "ನನಗೂ... ಅವಳು ಇಲ್ಲೇ ಇರಲಿ ಅಂತಾನೇ ಇದೆ."

ಒಳಗೆ ಕಜ್ಜಾಯ ಎಣ್ಣೆಗೆ ಬಿದ್ದ ಸದ್ದು. ಪಂಕಜಾ ಕಣ್ಣು ಮುಚ್ಚಿ, ಕೈ ಚಾಚಿದಂತೆಯೇ ಕೂತಿದ್ದಳು. ಒದ್ದೆ ಬೆನ್ನಿನ ಮೇಲೆ ಗಾಳಿ ಹಾದುಹೋಯಿತು.

"ಅವಳಿಗೆ ಮೊದಲು ನೀರು ಕೊಡಪ್ಪ," ಎಂದರು ರಾಯರು. "ಸೀಗೆ ಕಣ್ಣಿಗೆ ಇಳಿದಿರುತ್ತೆ."

ಹೆಜ್ಜೆ ಓಡಿ ಬಂತು. ಡ್ರಮ್ಮಿನೊಳಗೆ ಚೊಂಬು ಮುಳುಗಿದ್ದು ಕೇಳಿಸಿತು.