ಕಾಜರಿಗೆ ಹದಿನೆಂಟು ಬರೆದರು

ಹತ್ತು ಮಂಚದ ಕೋಣೆಯಲ್ಲಿ ಇಪ್ಪತ್ತಾರು ಹುಡುಗಿಯರು. ಕಾಜರಿ ಮತ್ತು ತಂಗಿ ಟುನಿ ಒಂದೇ ಮಂಚದಲ್ಲಿ ತಲೆಗೊಬ್ಬರು ಕಾಲಿಗೊಬ್ಬರು ಮಲಗುತ್ತಿದ್ದರು. ಅಮ್ಮ ಸತ್ತ ಮೇಲೆ ಸಿಯಾಲ್ದಾ ಸ್ಟೇಷನ್ನಿನಲ್ಲಿ ಬಾಟಲಿ ಆಯುತ್ತಿದ್ದವರನ್ನು ನಾಲ್ಕು ವರ್ಷದ ಹಿಂದೆ ವ್ಯಾನು ಎತ್ತಿ ತಂದು ಈ ಸರ್ಕಾರಿ ಮಕ್ಕಳ ಮನೆಗೆ ಹಾಕಿತ್ತು.

ಈ ಚಳಿಗಾಲ ಮೇಲಿನಿಂದ ಆದೇಶ ಬಂತು. ಊರಲ್ಲಿ ಬೀದಿ ಮಕ್ಕಳೇ ಇರಬಾರದು, ಇನ್ನೂ ಹದಿನೈದು ಮಕ್ಕಳನ್ನು ಸೇರಿಸಿಕೊಳ್ಳಿ. ಜಾಗ ಎಲ್ಲಿದೆ? ಹದಿನೆಂಟು ತುಂಬಿದವರು ಮಕ್ಕಳ ಮನೆ ಬಿಡಬೇಕೆಂಬ ನಿಯಮವಿತ್ತು. ಎತ್ತರ ಬೆಳೆದ ಹುಡುಗಿಯರನ್ನೆಲ್ಲ ವಯಸ್ಸು ಪರೀಕ್ಷೆಗೆ ಕರೆದೊಯ್ದರು. ಡಾಕ್ಟರು ಕಾಜರಿಯ ಬಾಯಿ ಅಗಲಿಸಿ, ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದಂತೆ ನೋಡಿದರು. ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದರು. ಹದಿನೆಂಟು ಎಂದು ಬರೆದರು.

"ಇಲ್ಲ ಸಾರ್. ನಾನು ನೆರೆ ಬಂದ ವರ್ಷ ಹುಟ್ಟಿದ್ದು, ಅಮ್ಮ ಹೇಳ್ತಿದ್ಲು. ಹದಿನಾರೂ ತುಂಬಿಲ್ಲ."

"ನಿಮ್ಮಮ್ಮನಿಗಿಂತ ಮೂಳೆಗೆ ಚೆನ್ನಾಗಿ ಗೊತ್ತು."

ಮರುದಿನ ಮೇಲ್ವಿಚಾರಕಿ ಸಾನ್ಯಾಲ್ ಕರೆಸಿದರು. ಮೇಜಿನ ಮೇಲೆ ಒಂದು ಸೀರೆ, ಒಂದು ಸೋಪು, ಒಂದು ಬಿಡುಗಡೆ ಕಾಗದ.

"ಸಹಿ ಮಾಡು. ಬರೆಯೋಕೆ ಕಲಿಸಿದ್ದೀವಲ್ಲ."

"ಟುನಿ?"

"ಅವಳಿಗಿನ್ನೂ ಒಂಬತ್ತು. ಇಲ್ಲೇ ಇರ್ತಾಳೆ."

"ನಾನಿಲ್ದೆ ಅವಳು ಉಣ್ಣಲ್ಲ ದೀದಿ."

"ಹೊಟ್ಟೆ ಹಸಿದ್ರೆ ಎಲ್ರೂ ಉಣ್ತಾರೆ."

ಕಾಜರಿ ಪೆನ್ನು ಮುಟ್ಟಲಿಲ್ಲ. "ನಾನು ದೊಡ್ಡೋಳು ಅಂತ ನೀವೇ ಬರ್ದಿದ್ದೀರಿ. ದೊಡ್ಡೋಳಾದ್ರೆ ನನ್ ತಂಗೀನ ನನ್ ಕೈಗೆ ಕೊಡಿ."

ಸಾನ್ಯಾಲ್ ನಕ್ಕರು. "ಎಲ್ಲಿಟ್ಕೋತೀಯ? ವಿಳಾಸ ಹೇಳು."

"ನಿಮಗೆ ಗೊತ್ತಲ್ಲ. ಸ್ಟೇಷನ್ನು."

"ಮಗೂನ ಸ್ಟೇಷನ್ನಿಗೆ ಕಳಿಸೋಕೆ ಕಾನೂನು ಬಿಡಲ್ಲ ಕಣೇ."

"ನನ್ನ ಕಳಿಸೋಕೆ ಬಿಡುತ್ತಾ?"

ಸಾನ್ಯಾಲ್ ಕಾವಲುಗಾರನನ್ನು ಕರೆದು, ಸಹಿಯಿಲ್ಲದೆಯೇ ಅವಳನ್ನು ಗೇಟಿನಾಚೆ ಹಾಕಿಸಿದರು.

ಕಾಜರಿ ಮಾರುಕಟ್ಟೆಯಲ್ಲಿ ಮೀನಿನ ಬುಟ್ಟಿ ತೊಳೆಯುವ ಕೆಲಸ ಹಿಡಿದಳು. ಉಗುರಿನ ಸಂದಿಗೆಲ್ಲ ಹುಣ್ಣು. ಭಾನುವಾರ ಬಂತೆಂದರೆ ಪುರಿ ಪೊಟ್ಟಣ ಹಿಡಿದು ಗೇಟಿಗೆ ಬರುವಳು. ಸರಳಿನ ಸಂದಿಯಿಂದ ಟುನಿ ಕೈ ಚಾಚುವಳು. "ಅಕ್ಕಾ, ಮೀನು ನಾತ ಹೊಡೀತೀಯ!" ಎಂದು ಮೂಗು ಮುಚ್ಚಿ, ಅಕ್ಕನ ಆ ಕೈಯನ್ನೇ ಕೆನ್ನೆಗೆ ಒತ್ತಿಕೊಳ್ಳುವಳು.

ನಾಲ್ಕನೇ ಭಾನುವಾರ ಟುನಿ ಬರಲಿಲ್ಲ. ಹುಡುಗಿಯರು ಮಾಶಿ, ಅಂದರೆ ಚಿಕ್ಕಮ್ಮ, ಎನ್ನುವ ಅಡುಗೆಯ ಮಿನೋತಿ ಸೆರಗು ಬಾಯಿಗೊತ್ತಿಕೊಂಡು ಬಂದಳು.

"ಎಲ್ಲೋ ದೂರದ ಜಲ್ಪಾಯ್‌ಗುರಿಗೆ ಸಾಗಿಸಿಬಿಟ್ರು ಮಗಾ. ಇಲ್ಲಿ ಜಾಗ ಇಲ್ಲಂತೆ."

"ಯಾವತ್ತು?"

"ಗುರುವಾರ. ಕಿಟಕಿ ಸರಳು ಹಿಡ್ಕೊಂಡ್ಬಿಟ್ಟಿದ್ಲು. ಬೆರಳು ಒಂದೊಂದೇ ಬಿಡಿಸಿದ್ರು."

"ಅಲ್ಲಿ ಯಾವ ಮನೇಲಿ?"

"ಹೇಳಬಾರದಂತೆ. ನೀನು ಅವಳಕ್ಕ ಅನ್ನೋ ಕಾಗದ ತಂದ್ರೆ ಹೇಳ್ತಾರಂತೆ."

ಆ ಕಾಗದ ಯಾರು ಬರೆದುಕೊಡುತ್ತಾರೆ? ಅಮ್ಮ ಪ್ಲಾಟ್‌ಫಾರ್ಮಿನಲ್ಲಿ ಹೆತ್ತಾಗ ಯಾರೂ ಬರೆದುಕೊಂಡಿರಲಿಲ್ಲ.

ಕಾಜರಿ ಅಳಲಿಲ್ಲ. ಅಷ್ಟರಲ್ಲಿ ಹೊಸ ಮಕ್ಕಳನ್ನು ತುಂಬಿಕೊಂಡು ವ್ಯಾನು ಬಂತು. ಡ್ರೈವರ್ ಹಾರ್ನ್ ಹೊಡೆದ.

"ಏಯ್, ದಾರಿ ಬಿಡೇ!"

ಅವಳು ಗೇಟಿಗೆ ಬೆನ್ನು ಕೊಟ್ಟು ನಿಂತಳು. ವ್ಯಾನಿನ ಜಾಲರಿಯತ್ತ ಗಂಟಲು ಹರಿಯುವಂತೆ ಕೂಗಿದಳು:

"ಅಕ್ಕ-ತಂಗಿ ಯಾರಿದ್ದೀರ್ರೇ ಒಳಗೆ? ಕೈ ಬಿಡಬೇಡ್ರೇ! ಯಾರು ಏನೇ ಹೇಳ್ಲಿ, ಕೈ ಬಿಡಬೇಡಿ!"

ಜಾಲರಿಯ ಹಿಂದೆ ಯಾರೋ ಇಬ್ಬರು ಪುಟ್ಟವರು ಹತ್ತಿರ ಸರಿದು ಕೂತರು.

ವ್ಯಾನಿನಿಂದ ಇಬ್ಬರು ಪೊಲೀಸರು ಇಳಿದು ಕಾಜರಿಯನ್ನು ರಸ್ತೆಯಾಚೆಗೆ ಎಳೆದು ಹಾಕಿದರು. ವ್ಯಾನು ಒಳಗೆ ಹೋಯಿತು.